ಬಯಲು ರಂಗಮಂದಿರವೋ, ಒಳಾಂಗಣ ಸಭಾಂಗಣವೋ: ಊರವರೂ ಬರುವಂಥ ಸಾಂಸ್ಕೃತಿಕ ಕೇಂದ್ರವನ್ನು ವಿಶ್ವವಿದ್ಯಾಲಯದಲ್ಲಿ ಹೇಗೆ ಕಟ್ಟಬೇಕು?

ಕಲಬುರಗಿಯ ಹೊರವಲಯದ ಆವರಣ, ಅದರ ನಟ್ಟನಡುವೆ 800 ಜನ ಕೂರುವ ಬಯಲು ರಂಗಮಂದಿರ, ಸುತ್ತ ವಸ್ತುಸಂಗ್ರಹಾಲಯ, ಪುಸ್ತಕದಂಗಡಿ, ಉಪಾಹಾರಗೃಹ. ಇಂಥ ನಕ್ಷೆಯನ್ನು ಹಾಕಿ, ಬಯಲೋ ಒಳಾಂಗಣವೋ ಎಂದು ನೀವು ಕೇಳಿದ್ದನ್ನು ಓದಿದಾಗ 13 ವರ್ಷಗಳ ಹಿಂದಿನ ನನ್ನದೇ ನಕ್ಷೆಯನ್ನು ಯಾರೋ ಎದುರಿಗೆ ಹಾಸಿದಂತಾಯಿತು.

ಇದೇ ಜಿಲ್ಲೆಯ ಒಂದು ಶಿಕ್ಷಣ ಸಂಸ್ಥೆಗೆ ನಾನು 600 ಜನರ ಬಯಲು ರಂಗಮಂದಿರವನ್ನು ಕಟ್ಟಿಸಿದೆ. ಅರ್ಧಚಂದ್ರಾಕಾರದ ಮೆಟ್ಟಿಲುಗಳು, ಅವುಗಳ ಮೇಲೆ ನಯಗೊಳಿಸಿದ ಶಹಾಬಾದ್ ಕಲ್ಲು, ಎದುರಿಗೆ ವೇದಿಕೆ, ವೇದಿಕೆಯ ಹಿಂದೆ ದೂರದಲ್ಲಿ ಸಂಸ್ಥೆಯ ಮುಖ್ಯ ಕಟ್ಟಡ. ಆ ಕಟ್ಟಡ ಪ್ರತಿ ಛಾಯಾಚಿತ್ರದಲ್ಲೂ ಹಿನ್ನೆಲೆಯಾಗಿ ಬರಬೇಕೆಂಬುದು ಆಡಳಿತ ಮಂಡಳಿಯ ಆಸೆಯಾಗಿತ್ತು. ಕಟ್ಟಡ ಪಶ್ಚಿಮಕ್ಕಿದ್ದುದರಿಂದ ಮೆಟ್ಟಿಲುಗಳನ್ನೂ ಪಶ್ಚಿಮಕ್ಕೆ ಮುಖ ಮಾಡಿ ಎಳೆದೆ. ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಬೇಕಾಗಿದ್ದವನು ನಾನು.

ಉದ್ಘಾಟನೆಗೆ ಬಸವ ಜಯಂತಿಯ ದಿನವನ್ನು ಗೊತ್ತುಮಾಡಿದರು. ಪಕ್ಕದ ಹಳ್ಳಿಯ ತತ್ವಪದ ಹಾಡುವವರನ್ನು ಕರೆಸಿದ್ದರು. ಅವರ ಹಿಂದೆ ಅರ್ಧ ಊರೇ ಟ್ರ್ಯಾಕ್ಟರುಗಳಲ್ಲಿ ಬಂದಿತ್ತು. ಸಂಜೆ ಐದೂವರೆಗೆ ಒಬ್ಬ ಮುದುಕಿ ಮೊದಲ ಮೆಟ್ಟಿಲಿನ ಮೇಲೆ ಅಂಗೈ ಊರಿ ಕೂರಲು ಹೋಗಿ, ಥಟ್ಟನೆ ಕೈ ಎತ್ತಿ ಸೆರಗಿಗೆ ಒರೆಸಿಕೊಂಡು ನನ್ನ ಕಡೆ ನೋಡಿದಳು. "ತಮ್ಮಾ, ರೊಟ್ಟಿ ಹಂಚಿನ ಮ್ಯಾಲ ಕೂಡು ಅಂತೀ ಏನು?" ಎಂದಳು. ಬಂದವರಲ್ಲಿ ಕೆಲವರು ಟವೆಲ್ ಮಡಚಿ ಹಾಸಿಕೊಂಡರು, ಕೆಲವರು ನಿಂತೇ ಇದ್ದರು. ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ಹಳ್ಳಿಯವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಿ, ಗೇಟಿನ ಹೊರಗೆ ಚಹಾದಂಗಡಿಯ ಪಕ್ಕದ ಬೇವಿನ ಮರದ ಕಟ್ಟೆಯ ಸುತ್ತ ಕೂತಿದ್ದರು. ಹಾಡುವವರೂ ಏಕತಾರಿ, ದಮ್ಮಡಿಗಳನ್ನು ಎತ್ತಿಕೊಂಡು ಅಲ್ಲಿಗೇ ನಡೆದರು. ಚಹಾದಂಗಡಿಯವನು ಒಂದು ಬಲ್ಬನ್ನು ಮರದ ಟೊಂಗೆಗೆ ಕಟ್ಟಿಕೊಟ್ಟ. ರಾತ್ರಿ ಹತ್ತರವರೆಗೆ ಹಾಡು ನಡೆಯಿತು, ನನ್ನ ರಂಗಮಂದಿರದಲ್ಲಿ ಮಾತ್ರ ದೀಪಗಳು ಖಾಲಿ ಕಲ್ಲುಗಳ ಮೇಲೆ ಉರಿಯುತ್ತಿದ್ದವು.

ನನ್ನ ತಪ್ಪು ಕಲ್ಲಿನ ಆಯ್ಕೆಯಲ್ಲಿತ್ತು ಎಂದು ಅನೇಕರು ಹೇಳುತ್ತಾರೆ. ಅದು ಅರ್ಧ ಮಾತು. ನಿಜವಾದ ತಪ್ಪು ಎಂದರೆ, ನಾನು ಆ ಸ್ಥಳವನ್ನು ನೋಡಿದ ಮೂರೂ ಬಾರಿ ಡಿಸೆಂಬರ್ ಮತ್ತು ಜನವರಿಯಲ್ಲಿ ನೋಡಿದ್ದೆ. ಅದರಲ್ಲಿ ಒಮ್ಮೆ ಸಂಜೆ ನಾಲ್ಕಕ್ಕೂ ಹೋಗಿದ್ದೆ. ಆಗ ನೈಋತ್ಯದಲ್ಲಿದ್ದ ಮೂರಂತಸ್ತಿನ ವಿದ್ಯಾರ್ಥಿನಿಲಯದ ನೆರಳು ಆ ಜಾಗದ ಮೇಲೆ ತಂಪಾಗಿ ಬಿದ್ದಿತ್ತು. ಆ ನೆರಳನ್ನು ನಂಬಿದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಮೇ ತಿಂಗಳಲ್ಲಿ ಸುಮಾರು 19 ಡಿಗ್ರಿ ಉತ್ತರಕ್ಕೆ. ಎರಡರ ನಡುವೆ 40 ಡಿಗ್ರಿಗಿಂತ ಹೆಚ್ಚಿನ ಅಂತರವಿದೆ. ಚಳಿಗಾಲದಲ್ಲಿ ನೆರಳು ಕೊಟ್ಟ ಕಟ್ಟಡ ಬೇಸಿಗೆಯಲ್ಲಿ ಸೂರ್ಯನ ದಾರಿಯಲ್ಲೇ ಇರಲಿಲ್ಲ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನದವರೆಗೆ ಮೆಟ್ಟಿಲಿನ ಮೇಲ್ಮೈ ಕಾಯುತ್ತದೆ, ಆಮೇಲೆ ಮುಳುಗುವವರೆಗೂ ಮೆಟ್ಟಿಲಿನ ಎದುರುಮೈ ಕಾಯುತ್ತದೆ. ಕಲ್ಲಿನ ಅಡಿಯಲ್ಲಿ ಗಟ್ಟಿ ಕಾಂಕ್ರೀಟು ಇದ್ದುದರಿಂದ, ಹಗಲೆಲ್ಲ ಹೀರಿಕೊಂಡ ಕಾವು ರಾತ್ರಿ ಹತ್ತಾದರೂ ಹೊರಗೆ ಬರುತ್ತಲೇ ಇತ್ತು.

ಇನ್ನೂ ಒಂದು ಲೆಕ್ಕವನ್ನು ಹೇಳಲೇಬೇಕು, ಏಕೆಂದರೆ ಇದು ಇಂದಿಗೂ ನನ್ನನ್ನು ಕಾಡುತ್ತದೆ. ನನ್ನ ಮೆಟ್ಟಿಲುಗಳ ಎತ್ತರ 45 ಸೆಂಟಿಮೀಟರ್, ಅಗಲ 90 ಸೆಂಟಿಮೀಟರ್. ಅಂದರೆ ಒಟ್ಟು ಇಳಿಜಾರು ಸುಮಾರು 27 ಡಿಗ್ರಿ. ಅದೇ ಮೆಟ್ಟಿಲುಗಳನ್ನು ಪಶ್ಚಿಮಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ತಿರುಗಿಸಿದ್ದರೆ, ಸೂರ್ಯ ಆ ಇಳಿಜಾರಿಗಿಂತ ಕೆಳಗಿಳಿದ ಕ್ಷಣದಿಂದ, ಅಂದರೆ ಮೇ ತಿಂಗಳಲ್ಲಿ ಐದು ಗಂಟೆಯ ಸುಮಾರಿನಿಂದ, ಮೆಟ್ಟಿಲುಗಳು ತಮ್ಮ ನೆರಳಿನಲ್ಲಿ ತಾವೇ ಇರುತ್ತಿದ್ದವು. ಒಂದು ರೂಪಾಯಿಯ ಹೆಚ್ಚುವರಿ ಖರ್ಚಿಲ್ಲದೆ, ನಕ್ಷೆಯ ಹಾಳೆಯನ್ನು ತಿರುಗಿಸಿದ್ದರೆ ಸಾಕಿತ್ತು. ಶಹಾಬಾದ್ ಕಲ್ಲಿನ ಮಾಳಿಗೆಯ ಕೆಳಗೆ ಬೆಳೆದವನು ನಾನು. ಬೇಸಿಗೆಯ ಸಂಜೆ ಅವ್ವ ಮಾಳಿಗೆಗೆ ನೀರು ಚಿಮುಕಿಸುವುದನ್ನು, ಆದರೂ ತಣಿಯದೆ ನಾವೆಲ್ಲ ಅಂಗಳದಲ್ಲಿ ಹೊರಸು ಹಾಕಿಕೊಂಡು ಮಲಗುವುದನ್ನು ಹುಟ್ಟಿದಾಗಿನಿಂದ ಕಂಡವನು. ನಕ್ಷೆ ಬರೆಯುವ ಮೇಜಿನ ಮುಂದೆ ಕೂತಾಗ ಅದೊಂದೂ ನೆನಪಾಗಲಿಲ್ಲ.

ಮುಂದೆ ಏನಾಯಿತೆಂದರೆ, ಸಂಸ್ಥೆಯವರು ಮೊದಲು ಪ್ರತಿ ಕಾರ್ಯಕ್ರಮಕ್ಕೂ ಶಾಮಿಯಾನ ಬಾಡಿಗೆಗೆ ತಂದರು, ಬಳಿಕ ಕಬ್ಬಿಣದ ಕಂಬ ನೆಟ್ಟು ತಗಡು ಹೊದಿಸಿದರು. ಮಳೆ ಬಂದರೆ ತಗಡಿನ ಸದ್ದಿನಲ್ಲಿ ಮೈಕಿನ ಮಾತೂ ಕೇಳುವುದಿಲ್ಲ. ಎರಡನೆಯ ಹಂತದ ಚಿತ್ರಶಾಲೆ ಮತ್ತು ಅಂಗಡಿಗಳ ಕೆಲಸವನ್ನು ಕೈಬಿಟ್ಟರು. ನನ್ನ ಕೊನೆಯ ಬಿಲ್ಲಿನ ಒಂದು ಭಾಗ ಬರಲೇ ಇಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಆದ್ದರಿಂದ ಬಯಲೋ ಒಳಾಂಗಣವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 800 ಎಂಬ ಸಂಖ್ಯೆಯನ್ನಂತೂ ಒಪ್ಪುವುದೇ ಇಲ್ಲ. ವರ್ಷಕ್ಕೆ ಎರಡು ದಿನ 800 ಜನ ಬರುತ್ತಾರೆ. ಉಳಿದ ದಿನಗಳಲ್ಲಿ 40 ಜನ ಬರುವ ಜಾಗ ನಿಮಗೆ ಬೇಕು. ಹವಾನಿಯಂತ್ರಿತ ಸಭಾಂಗಣ ಕಟ್ಟಿದರೆ ವಿದ್ಯುತ್ ಬಿಲ್ಲಿಗೆ ಹೆದರಿ ಬೀಗ ಹಾಕುತ್ತಾರೆ, ಘಟಿಕೋತ್ಸವಕ್ಕೆ ಮಾತ್ರ ತೆಗೆಯುತ್ತಾರೆ. ಊರವರು ಒಳಗೆ ಬಂದರೂ ನೆಲಹಾಸು ಕಂಡು ಚಪ್ಪಲಿ ಎಲ್ಲಿ ಬಿಡುವುದೆಂದು ಬಾಗಿಲಲ್ಲೇ ನಿಲ್ಲುತ್ತಾರೆ; ಇದನ್ನು ಕಣ್ಣಾರೆ ಕಂಡಿದ್ದೇನೆ. ಬಯಲಲ್ಲಿ ಕಟ್ಟಿದರೆ ಏನಾಗುತ್ತದೆಂದು ಮೇಲೆ ಹೇಳಿದೆ. ನಮ್ಮಲ್ಲಿ ಜನ ಸೇರುವ ದಿನಗಳು ಯಾವುವೆಂದು ಒಮ್ಮೆ ಪಂಚಾಂಗ ತೆಗೆದು ನೋಡಿ: ಶರಣಬಸವೇಶ್ವರ ಜಾತ್ರೆ ಹೋಳಿ ಹುಣ್ಣಿಮೆಯ ಮರುವಾರದಲ್ಲಿ, ಅಂಬೇಡ್ಕರ್ ಜಯಂತಿ ಏಪ್ರಿಲ್ 14ಕ್ಕೆ, ಬಸವ ಜಯಂತಿ ಅದರ ಬೆನ್ನಿಗೆ. ಎಲ್ಲವೂ ಬಿಸಿಲಿನ ತಿಂಗಳುಗಳೇ. ಇಲ್ಲಿ 40 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ.

ನಿಮಗೆ ಬೇಕಾದುದು ಗೋಡೆಯಿಲ್ಲದ, ಆದರೆ ಮಾಡು ಇರುವ, ಕಂಬಗಳ ಮೇಲೆ ನಿಂತ ಒಂದು ಪಡಸಾಲೆ. 150 ಜನ ನೆಲದ ಮೇಲೆ ಜಮಖಾನೆ ಹಾಸಿ ಕೂರುವಷ್ಟು ಸಾಕು. ಅದರ ಮುಂದೆ ಮಟ್ಟಸವಾದ ಮಣ್ಣಿನ ಬಯಲು ಇರಲಿ. ದೊಡ್ಡಾಟಕ್ಕೋ ದೊಡ್ಡ ಸಭೆಗೋ ಜನ ಹೆಚ್ಚಾದರೆ ಅಲ್ಲಿಗೆ ಚಾಚಿಕೊಳ್ಳುತ್ತಾರೆ. ನೋಡುವವರ ಬೆನ್ನು ಪಶ್ಚಿಮಕ್ಕಿರಲಿ, ಆ ಬೆನ್ನ ಹಿಂದೆ ಬೇವು, ಹೊಂಗೆಗಳ ಸಾಲನ್ನು ಅಡಿಪಾಯಕ್ಕಿಂತ ಮೊದಲೇ ನೆಡಿಸಿ. ಹಾಗೆ ಮಾಡಿದರೆ ಹಾಡುವವರ ಕಣ್ಣಿಗೆ ಇಳಿಬಿಸಿಲು ಹೊಡೆಯುತ್ತದೆ ಎಂಬುದು ನಿಜ. ಅದಕ್ಕಾಗಿ ವೇದಿಕೆಯ ಮಾಡನ್ನು ಪಶ್ಚಿಮದ ಕಡೆ ತಗ್ಗಿಸಿ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಒಂದು ಮಧ್ಯಾಹ್ನ ಹೋಗಿ ಬನ್ನಿ. 1367ರ ಆ ಕಟ್ಟಡದಲ್ಲಿ ತೆರೆದ ಅಂಗಳವೇ ಇಲ್ಲ, ಇಡೀ ಪ್ರಾರ್ಥನಾ ಸ್ಥಳದ ಮೇಲೆ ಗುಮ್ಮಟಗಳ ಮಾಡು ಇದೆ. ಬೆಳಕು ಬದಿಯ ಕಮಾನುಗಳಿಂದ ಬರುತ್ತದೆ. ಏಕೆ ಹಾಗೆ ಕಟ್ಟಿದರೆಂಬ ಚರ್ಚೆ ವಿದ್ವಾಂಸರಿಗಿರಲಿ, ಮೇ ತಿಂಗಳಲ್ಲಿ ಒಳಗೆ ನಿಂತ ನಿಮ್ಮ ಮೈಗೆ ಅದು ತಾನಾಗಿ ತಿಳಿಯುತ್ತದೆ.

ಜಾಗದ ಬಗ್ಗೆ ನನ್ನ ಮಾತು ಇನ್ನೂ ಖಡಕ್ಕಾಗಿದೆ: ನಟ್ಟನಡುವೆ ಕಟ್ಟಬೇಡಿ, ಅಗಸಿಯಲ್ಲಿ, ಅಂದರೆ ಊರಬಾಗಿಲಿನಂಥ ನಿಮ್ಮ ಗೇಟಿನಲ್ಲಿ ಕಟ್ಟಿ. ನಮ್ಮ ಹಳ್ಳಿಗಳಲ್ಲಿ ಜನ ಕೂರುವುದು ಅಗಸಿಯ ಕಟ್ಟೆಯ ಮೇಲೆ, ಗೌಡರ ಮನೆಯ ಪಡಸಾಲೆಯಲ್ಲಲ್ಲ. ಈ ಭಾಗದ ದೊಡ್ಡ ಆವರಣಗಳೆಲ್ಲ ಊರಾಚೆ ಇವೆ. 1980ರ ಗುಲಬರ್ಗಾ ವಿಶ್ವವಿದ್ಯಾಲಯ ಸೇಡಂ ರಸ್ತೆಯಲ್ಲಿದೆ, 2009ರ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯ ಬಳಿ ಇದೆ. ಊರಿನಿಂದ ಬಸ್ಸಿನಲ್ಲಿ ಬರುವವನು ಗೇಟಿನಲ್ಲಿ ಇಳಿಯುತ್ತಾನೆ, ಕೊನೆಯ ಬಸ್ಸನ್ನೂ ಅಲ್ಲೇ ಹಿಡಿಯುತ್ತಾನೆ. ಕಾವಲುಗಾರನಿಗೆ ಹೆಸರು ಬರೆಸಿ, ಬಿಸಿಲಲ್ಲಿ ಒಂದು ಕಿಲೋಮೀಟರ್ ನಡೆದು ಅವನು ನಿಮ್ಮ ವಸ್ತುಸಂಗ್ರಹಾಲಯಕ್ಕೆ ಬರುವುದಿಲ್ಲ. ಕಾಂಪೌಂಡನ್ನು ಅಲ್ಲಿ ಬೇಕಾದಷ್ಟು ಒಳಕ್ಕೆ ಸರಿಸಿ, ಪಡಸಾಲೆಯನ್ನು ಅದರ ಹೊರಗೆ ಬಿಡಿ.

ಮಿಶ್ರಬಳಕೆ ಎಂಬುದೂ ನಮಗೆ ಹೊಸದಲ್ಲ. ಬೀದರಿನ ಮಹಮೂದ್ ಗವಾನ್ ಮದರಸಾ 1472ರಲ್ಲೇ ಒಂದು ಅಂಗಳದ ಸುತ್ತ ಪಾಠದ ಕೋಣೆ, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ವಸತಿ ಎಲ್ಲವನ್ನೂ ಇಟ್ಟುಕೊಂಡಿತ್ತು. ನಿಮ್ಮ ಪಟ್ಟಿಯಲ್ಲಿರುವ ಪುಸ್ತಕದಂಗಡಿ, ಉಪಾಹಾರಗೃಹಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅವುಗಳಿಗಿಂತ ಮೊದಲು ಝೆರಾಕ್ಸ್ ಅಂಗಡಿ, ಚಹಾದಂಗಡಿ, ಜೋಳದ ರೊಟ್ಟಿ ಕೇಂದ್ರಗಳಿಗೆ ಜಾಗ ಕೊಡಿ. ಬೆಳಿಗ್ಗೆ ರೊಟ್ಟಿಗೆ ಬರುವವರು, ಹಗಲು ಝೆರಾಕ್ಸಿಗೆ ಬರುವವರು, ಸಂಜೆ ಭಜನೆಗೆ ಬರುವವರು ಬೇರೆ ಬೇರೆ ಜನ. ಜಾಗ ಒಂದೇ ಇದ್ದರೆ ಅದು ಯಾವ ಹೊತ್ತಿಗೂ ಬಿಕೋ ಎನ್ನುವುದಿಲ್ಲ. ಹೊರಗಿನಿಂದಲೇ ಬಾಗಿಲಿರುವ ಶೌಚಾಲಯ, ಕುಡಿಯುವ ನೀರು, ಜಮಖಾನೆ ಮತ್ತು ಮೈಕನ್ನು ಇಡಲು ಒಂದು ಕೋಣೆ, ಆ ಕೋಣೆಯ ಕೀಲಿ ಚಹಾದಂಗಡಿಯವನ ಬಳಿ. ಕೀಲಿ ಕುಲಸಚಿವರ ಕಚೇರಿಯಲ್ಲಿದ್ದರೆ ಅರ್ಜಿ, ಠೇವಣಿ, ಸಹಿ ಎಂದು ಭಜನೆಯವರು ಎರಡನೆಯ ಸಲ ಬರುವುದಿಲ್ಲ.

ನೀವು ಹಾಕಿರುವ ನಕ್ಷೆಯನ್ನು ಹಿಗ್ಗಿಸಿ ಎರಡು ಸಲ ನೋಡಿದೆ. ಅದರಲ್ಲಿ ಉತ್ತರ ದಿಕ್ಕಿನ ಬಾಣದ ಗುರುತಿಲ್ಲ. ಮೆಟ್ಟಿಲುಗಳು ಯಾವ ಕಡೆ ಮುಖ ಮಾಡಿವೆ, ಬಸ್ಸು ನಿಲ್ಲುವ ಗೇಟು ಯಾವುದು ಎಂಬೆರಡನ್ನು ದಯವಿಟ್ಟು ತಿಳಿಸಿ. ವೇದಿಕೆಯ ಅಳತೆ, ಧ್ವನಿ, ಬೆಳಕಿನ ಕುರಿತ ನಿಮ್ಮ ಉಳಿದ ಪ್ರಶ್ನೆಗಳಿಗೆ ಆಮೇಲೆ ಉತ್ತರಿಸುತ್ತೇನೆ.