ಡಿಎಸ್‌ಎ ಅಂತಾರಲ್ಲ, ಅದರಲ್ಲಿ ಕಳೆಯುವುದು ಏನನ್ನು?

ತಂದೆಯವರ ಮೆದುಳಿನ ರಕ್ತನಾಳ ನೋಡಲು ಡಿಜಿಟಲ್ ಸಬ್‌ಟ್ರ್ಯಾಕ್ಷನ್ ಆಂಜಿಯೋಗ್ರಫಿ (ಡಿಎಸ್‌ಎ) ಬರೆದುಕೊಟ್ಟಿದ್ದಾರೆ, ‘ಸಬ್‌ಟ್ರ್ಯಾಕ್ಷನ್ ಅಂದರೆ ತಲೆಯಿಂದ ಏನಾದರೂ ತೆಗೆಯುತ್ತಾರಾ?’ ಎಂದು ಕೇಳಿದ್ದೀರಿ. ಇಲ್ಲ, ಗಾಬರಿ ಬೇಡ. ಅಲ್ಲಿ ಕಳೆಯುವುದು ಚಿತ್ರದಿಂದ ಚಿತ್ರವನ್ನು. ಈ ಪರೀಕ್ಷೆ ಮಾಡುವ ಕೋಣೆ, ಅಂದರೆ ಕ್ಯಾಥ್‌ಲ್ಯಾಬ್‌ನಲ್ಲಿ ಎಕ್ಸ್‌ರೇ ಯಂತ್ರ ನಡೆಸುವ ಕೆಲಸ ನನ್ನದು. ನಿಮ್ಮ ಹಾಗೆಯೇ ಕೇಳಿದವರು ಬಹಳ ಮಂದಿ.

ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಕ್ಯಾತಿಟರ್ ಎಂಬ ಸಣ್ಣ ನಳಿಗೆಯನ್ನು ಕುತ್ತಿಗೆಯ ರಕ್ತನಾಳದವರೆಗೆ ಒಯ್ಯುತ್ತಾರೆ. ನಾಳಗಳು ಎಕ್ಸ್‌ರೇಯಲ್ಲಿ ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಎಂಬ ಔಷಧ ಬಿಡುವ ಮೊದಲು ಒಂದು ಎಕ್ಸ್‌ರೇ ಚಿತ್ರ ಹಿಡಿಯುತ್ತೇವೆ, ಅದಕ್ಕೆ ಮಾಸ್ಕ್ ಅನ್ನುತ್ತೇವೆ. ಅದರಲ್ಲಿ ಬುರುಡೆ, ಹಲ್ಲು ಎಲ್ಲ ಇರುತ್ತವೆ, ರಕ್ತನಾಳ ಮಾತ್ರ ಕಾಣದು. ಆಮೇಲೆ ಅಯೋಡಿನ್ ಇರುವ ಆ ಕಾಂಟ್ರಾಸ್ಟ್ ಬಿಟ್ಟು ಒಂದರ ಹಿಂದೊಂದು ಚಿತ್ರ. ಪ್ರತಿಯೊಂದರಿಂದಲೂ ಕಂಪ್ಯೂಟರ್ ಮಾಸ್ಕನ್ನು ಕಳೆಯುತ್ತದೆ. ಎರಡರಲ್ಲೂ ಇದ್ದ ಮೂಳೆ ಅಳಿಸಿಹೋಗಿ, ಅಯೋಡಿನ್ ತುಂಬಿದ ನಾಳಗಳಷ್ಟೇ ಉಳಿಯುತ್ತವೆ.

ನನಗೆ ತುಂಬ ಇಷ್ಟವಾದ ಸಂಗತಿ ಈ ಲೆಕ್ಕದ ಒಳಗಿದೆ. ಮೆದು ಭಾಗ ದಾಟಿ 1000 ಕಿರಣ ಬಂತು, ದಪ್ಪ ಮೂಳೆ ದಾಟಿ 100 ಬಂತು ಅನ್ನಿ. ಎರಡೂ ಕಡೆ ಒಂದೇ ನಾಳ ಹಾದು ಹತ್ತರಲ್ಲೊಂದು ಪಾಲು ತಡೆದರೆ 900 ಮತ್ತು 90 ಉಳಿಯುತ್ತದೆ. ಸುಮ್ಮನೆ ಕಳೆದರೆ ಒಂದು ಕಡೆ ವ್ಯತ್ಯಾಸ 100, ಇನ್ನೊಂದು ಕಡೆ 10. ಅದೇ ನಾಳ ಮೂಳೆಯ ಮೇಲೆ ಹಾದಲ್ಲಿ ಮಂಕಾಗಿಬಿಡುತ್ತದೆ! ಅದಕ್ಕೇ ಮೊದಲು ಲಾಗರಿದಮ್ ತೆಗೆದು ಆಮೇಲೆ ಕಳೆಯುತ್ತಾರೆ. ಲಾಗರಿದಮ್‌ಗಳನ್ನು ಕಳೆದರೆ ಸಿಗುವುದು ಎಷ್ಟು ಪಾಲು ತಗ್ಗಿತು ಎಂಬ ಲೆಕ್ಕ, ಆಗ ಎರಡೂ ಕಡೆ ಉತ್ತರ ಒಂದೇ.

ಮೆದುಳಿನ ಆಂಜಿಯೋಗ್ರಫಿಯನ್ನು 1927ರಲ್ಲಿ ಲಿಸ್ಬನ್‌ನಲ್ಲಿ ಪೋರ್ಚುಗೀಸ್ ವೈದ್ಯ ಎಗಾಸ್ ಮೊನಿಜ್ ಮೊದಲು ಮಾಡಿದರು. ಕಳೆಯುವ ಉಪಾಯ 1930ರ ದಶಕದ್ದು, ಡಚ್ ವೈದ್ಯ ಜೀಡ್ಸಸ್ ಡೆಸ್ ಪ್ಲಾಂಟಿಸ್ ಅವರದು. ಆಗ ಕಂಪ್ಯೂಟರ್ ಎಲ್ಲಿತ್ತು? ಮೊದಲ ಫಿಲ್ಮಿನ ಕಪ್ಪುಬಿಳುಪು ತಿರುವಿದ ಪ್ರತಿ ಮಾಡಿ, ಕಾಂಟ್ರಾಸ್ಟ್ ಇರುವ ಫಿಲ್ಮಿನ ಮೇಲೆ ಕರಾರುವಾಕ್ಕಾಗಿ ಹೊಂದಿಸಿ ಬೆಳಕು ಹಾಯಿಸುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮಿಸ್ಟ್ರೆಟಾ ಮತ್ತು ಸಂಗಡಿಗರು, ಬೇರೆ ಕೆಲವು ತಂಡಗಳೂ, ಅದನ್ನು ಡಿಜಿಟಲ್ ಮಾಡಿದರು.

ಮಾಸ್ಕ್ ಹಿಡಿದ ಮೇಲೆ ತಲೆ ಒಂದಿಷ್ಟು ಅಲ್ಲಾಡಿದರೂ ಮೂಳೆಯ ಮೇಲೆ ಮೂಳೆ ಕೂರುವುದಿಲ್ಲ. ಅಂಚುಗಳು ಕಪ್ಪುಬಿಳಿ ಜೋಡಿಗೆರೆಗಳಾಗಿ ಮತ್ತೆ ಎದ್ದು, ಸಣ್ಣ ನಾಳಗಳನ್ನು ಮುಚ್ಚಿಬಿಡುತ್ತವೆ. ಚಿತ್ರ ಪಕ್ಕಕ್ಕೆ ಸರಿದಿದ್ದರೆ ಪಿಕ್ಸೆಲ್ ಶಿಫ್ಟ್ ಮಾಡಿ, ಅಂದರೆ ಕಂಪ್ಯೂಟರಿನಲ್ಲೇ ಮಾಸ್ಕನ್ನು ಚೂರು ಸರಿಸಿ, ಸರಿಹೊಂದಿಸುತ್ತೇವೆ, ತಲೆ ಓರೆಯಾಗಿ ತಿರುಗಿದ್ದರೆ ಅದು ಸಾಲದು. ಮತ್ತೆ ಕಾಂಟ್ರಾಸ್ಟ್ ಬಿಡಬೇಕು, ಮತ್ತೆ ಎಕ್ಸ್‌ರೇ ಕೊಡಬೇಕು. ಸದಾ ಬಡಿಯುವ ಹೃದಯದ ಆಂಜಿಯೋಗ್ರಾಮಿನಲ್ಲಿ ಸಾಮಾನ್ಯವಾಗಿ ಹೀಗೆ ಕಳೆಯದಿರುವುದೂ ಇದೇ ಕಾರಣಕ್ಕೆ.

ಹೆಚ್ಚಿನವರು ಅಲ್ಲಾಡುವುದು ನೋವಿಗಲ್ಲ. ಕಾಂಟ್ರಾಸ್ಟ್ ಹೋದಾಗ ಮುಖ, ತಲೆ ಒಮ್ಮೆಲೇ ಬಿಸಿಯಾದಂತೆ ಆಗುತ್ತದೆ, ಆ ಬಿಸಿಗೆ ಬೆಚ್ಚಿಬೀಳುತ್ತಾರೆ. ‘ಬಿಸಿ ಅನ್ನಿಸುತ್ತೆ ಅಪ್ಪ, ಕೆಲವೇ ಕ್ಷಣ, ಹೋಗುತ್ತೆ’ ಎಂದು ಮೊದಲೇ ಹೇಳಿಡಿ. ಉಗುಳು ನುಂಗದೆ, ಉಸಿರು ಬಿಗಿಹಿಡಿದು ಹತ್ತು ಸೆಕೆಂಡು ಕದಲದೆ ಮಲಗುವುದನ್ನು ಇವತ್ತೇ ಎರಡು ಸಲ ಅಭ್ಯಾಸ ಮಾಡಿಸಿ. ಕಿಡ್ನಿ ತೊಂದರೆ, ಅಲರ್ಜಿ, ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆ ಇದ್ದರೆ ಡಾಕ್ಟರಿಗೆ ತಿಳಿಸಿ. ಚಿತ್ರ ಹಿಡಿಯುವಾಗ ನಾವು ಗಾಜಿನ ಆಚೆ ನಿಂತು ಮೈಕಿನಲ್ಲಿ ಹೇಳುತ್ತೇವೆ. ಅವರಿಗೆ ಕಿವಿ ಮಂದವಿದ್ದರೆ ಅದನ್ನೂ ಅಲ್ಲಿನ ಟೆಕ್ನೀಷಿಯನ್‌ಗೆ ಮೊದಲೇ ಹೇಳಿ.