ಕಾನೂನು ಪ್ರಶ್ನೋತ್ತರ: ತಾರೀಕು ತಪ್ಪಿದರೆ ಮಾತೆಲ್ಲ ಸುಳ್ಳೇ?

ಪ್ರಶ್ನೆ: ಬ್ರಿಟನ್ನಿನಲ್ಲಿ ಆಶ್ರಯ ಕೋರಿದ ಅಫ್ಘನ್ ಒಬ್ಬ ಸಂದರ್ಶನದಲ್ಲಿ ಕೊಟ್ಟ ತಾರೀಕು ಅಪೀಲಿನ ಹೇಳಿಕೆಗೆ ಹೊಂದುತ್ತಿಲ್ಲ. ನ್ಯಾಯಾಧೀಶರು ಅವನನ್ನು ನಂಬಬಹುದೆ?
— ಕಾನೂನು ವಿದ್ಯಾರ್ಥಿನಿ, ಮಂಗಳೂರು

ಉತ್ತರ: ನಂಬಬಹುದು. ವ್ಯತ್ಯಾಸ ಎಲ್ಲಿಂದ ಬಂತೆಂದು ಮೊದಲು ನೋಡಬೇಕು. ಅಫ್ಘನ್ ಸೌರ ಪಂಚಾಂಗದ ವರ್ಷ ಶುರುವಾಗುವುದು ಮಾರ್ಚ್ 21ರ ಆಸುಪಾಸಿನಲ್ಲಿ. ನಮ್ಮ ಇಸವಿಗೆ ತರಲು 621 ಕೂಡಿಸಬೇಕು; ಜನವರಿಯಿಂದ ಮಾರ್ಚ್ ಮೂರನೇ ವಾರದೊಳಗಿನ ಘಟನೆಯಾದರೆ 622. ದುಭಾಷಿ ಇಲ್ಲಿ ಎಡವಿದರೆ ಇಡೀ ಒಂದು ವರ್ಷ ಆಚೀಚೆ. ನಮ್ಮ ಕಡೆಯವರೂ "ನೇಮದ (ಭೂತಕೋಲದ) ಮರುದಿನ" ಅನ್ನುತ್ತಾರೆಯೇ ಹೊರತು ತಾರೀಕು ಹೇಳುತ್ತಾರೆಯೆ? ಹಾಗಾಗಿ ವಕೀಲರು ಸಂದರ್ಶನದ ಪ್ರತಿಯನ್ನು ಕಕ್ಷಿದಾರನ ಭಾಷೆಯಲ್ಲೇ ಸಾಲುಸಾಲಾಗಿ ಓದಿಸಿ, ತಿದ್ದುಪಡಿಯನ್ನು ವಿಚಾರಣೆಗೆ ಮೊದಲೇ ಬರೆದು ಸಲ್ಲಿಸಬೇಕು. ಪಾಟೀಸವಾಲಿನ ನಡುವೆ ಹೊಳೆದ ವಿವರಣೆಗೆ ತೂಕ ಕಡಿಮೆ.

ಕಣ್ಣು ತಪ್ಪಿಸಿದ, ಅಳಲಿಲ್ಲ ಎಂಬುದೆಲ್ಲ ದುರ್ಬಲ ಆಧಾರ. ವಿವರ ಸಾಕಷ್ಟಿದೆಯೆ, ಆ ದೇಶದ ವರದಿಗಳಿಗೆ ತಾಳೆಯಾಗುತ್ತದೆಯೆ ಎಂಬುದು ಮುಖ್ಯ. ಸರಿಯಾದ ಕಾರಣವಿಲ್ಲದೆ ಪಾಸ್‌ಪೋರ್ಟ್ ಹರಿದುಹಾಕಿ ಬಂದದ್ದು ಬ್ರಿಟನ್ನಿನ 2004ರ ಆಶ್ರಯ-ವಲಸೆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಅವನಿಗೆ ವಿರುದ್ಧವೇ, ಆದರೆ ಅದೊಂದರಿಂದಲೇ ಕೇಸು ಬೀಳಬೇಕೆಂದಿಲ್ಲ. 2022ರ ಜೂನ್ 28ರಿಂದೀಚಿನ ಅರ್ಜಿಗಳಲ್ಲಿ ಅವನಿಗೆ ನಿಜಕ್ಕೂ ಭಯವಿದೆಯೆಂದು ತೋರಿಸಲು ಹೌದೆನ್ನುವ ಕಡೆ ತಕ್ಕಡಿ ತುಸು ವಾಲಬೇಕು. ಮರಳಿದರೆ ಹಿಂಸೆಯಾದೀತು ಎನ್ನಲು ಅಷ್ಟೂ ಬೇಡ.