ಡೀಸೆಲ್ ಟ್ಯಾಂಕಿಗೆ ಡಿಇಎಫ್ ಬಿದ್ದರೆ ಮೇಲೆ ಡೀಸೆಲ್ ತುಂಬಿಸಿ ಓಡಿಸಬಹುದಾ?

ಮುಧೋಳದಲ್ಲಿ ನಿಂತಿರುವ ನಿಮ್ಮ ಬಿಎಸ್6 (ಹೊಸ ಹೊಗೆ ನಿಯಮದ) ಲಾರಿಯ ಡೀಸೆಲ್ ಟ್ಯಾಂಕಿಗೆ ಕ್ಲೀನರ್ ಹುಡುಗ ಡಿಇಎಫ್ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ನೀರು) ಸುರಿದಿದ್ದಾನೆ, ನಾಲ್ಕೈದು ಲೀಟರ್ ಇರಬಹುದು, ಇನ್ನೂ ಸ್ಟಾರ್ಟ್ ಮಾಡಿಲ್ಲ ಅಂತ ಬರೆದಿದ್ದೀರಿ. ಫುಲ್ ಟ್ಯಾಂಕ್ ಡೀಸೆಲ್ ಹಾಕಿಸಿದರೆ ನಡೆದುಹೋಗುತ್ತೆ ಅಂತ ಯಾರೋ ಹೇಳಿದ್ದಾರೆ. ನಡೆಯೋದಿಲ್ಲ ರೀ. ಸೆಲ್ಫ್ ಹೊಡೆಯಬೇಡಿ. ಚಾವಿಯನ್ನೂ ತಿರುಗಿಸಬೇಡಿ, ಕೆಲವು ಗಾಡಿಗಳಲ್ಲಿ ಚಾವಿ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗಿನ ಮೋಟರ್ ಡೀಸೆಲ್ ಎಳೆಯಲು ಶುರು ಮಾಡುತ್ತದೆ.

ವಿಜಯಪುರದಲ್ಲಿ ನನ್ನದು ಡೀಸೆಲ್ ಪಂಪು, ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ರಿಪೇರಿ ಅಂಗಡಿ. ಬಿಎಸ್6 ಬಂದ 2020ರಿಂದ ಈ ಕೇಸು ಜಾಸ್ತಿಯಾಗಿದೆ, ಅದರಲ್ಲೂ ಕಬ್ಬಿನ ಸೀಸನ್ನಿನಲ್ಲಿ.

ಡಿಇಎಫ್‌ನಲ್ಲಿ ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಅದು ಡೀಸೆಲ್ ಜೊತೆ ಬೆರೆಯುವುದೇ ಇಲ್ಲ. ಡೀಸೆಲ್‌ಗಿಂತ ಭಾರ, ಹಾಗಾಗಿ ಸೀದಾ ತಳಕ್ಕೆ ಹೋಗಿ ಕೂರುತ್ತದೆ. ಡೀಸೆಲ್ ಎಳೆಯುವ ಪೈಪಿನ ಬಾಯಿ ಇರುವುದೂ ತಳದಲ್ಲೇ. ನೀವು ಮೇಲೆ ನೂರು ಲೀಟರ್ ಹಾಕಿಸಿದರೂ ಇಂಜಿನ್ ಮೊದಲು ಕುಡಿಯುವುದು ಯೂರಿಯಾ ನೀರನ್ನೇ. ಪೆಟ್ರೋಲ್ ಬಿದ್ದಿದ್ದರೆ ಡೀಸೆಲ್‌ನಲ್ಲಿ ಕರಗಿ ತೆಳ್ಳಗಾದರೂ ಆಗುತ್ತಿತ್ತು. ಅದೂ ಪಂಪಿಗೆ ಕೇಡೇ, ಆ ಮಾತು ಬೇರೆ.

ಈಗಿನ ಕಾಮನ್ ರೈಲ್ ಪಂಪು ಸಾವಿರದ ಮೇಲೆ ಬಾರ್ ಒತ್ತಡದಲ್ಲಿ ಡೀಸೆಲ್ ತಳ್ಳುತ್ತದೆ. ಅದರ ಒಳಗಿನ ಭಾಗಗಳಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಜಿಡ್ಡು. ಅಲ್ಲಿಗೆ ನೀರು ಹೋದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ. ನೀರು ಆರಿದ ಮೇಲೆ ಯೂರಿಯಾ ಬಿಳಿ ಹರಳಾಗಿ ಉಳಿಯುತ್ತದೆ. ಇಂಜೆಕ್ಟರ್ ತೂತು ಕೂದಲೆಳೆಗಿಂತ ಹೆಚ್ಚೇನೂ ದಪ್ಪ ಇರುವುದಿಲ್ಲ. ತಿಕೋಟಾ ಕಡೆಯಿಂದ ದ್ರಾಕ್ಷಿ ಹೇರಿಕೊಂಡು ಬಂದ ಗಾಡಿಯೊಂದು ಹೀಗೇ ಹೆದ್ದಾರಿಯಲ್ಲಿ ನಿಂತಿತ್ತು. ಫಿಲ್ಟರ್ ಬಿಚ್ಚಿದರೆ ಅದರ ಬಟ್ಟಲಿನ ಒಳಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಪಂಪು, ನಾಲ್ಕೂ ಇಂಜೆಕ್ಟರ್ ಹೊಸದಾಗಿ ಹಾಕಬೇಕಾಯಿತು.

ನಿಮ್ಮದು ಸ್ಟಾರ್ಟ್ ಆಗಿಲ್ಲ, ಅದೇ ಪುಣ್ಯ. ಗಾಡಿ ನಿಂತಲ್ಲೇ ಬ್ಯಾಟರಿ ವೈರ್ ಬಿಚ್ಚಿ, ಟ್ಯಾಂಕ್ ಖಾಲಿ ಮಾಡಿಸಿ ಕೆಳಗಿಳಿಸಿ. ಡ್ರೈನ್ ಬೋಲ್ಟ್ ಬಿಚ್ಚಿ ಮತ್ತೆ ಬಿಗಿದರೆ ಸಾಲದು, ಮೂಲೆಯಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಇಲ್ಲೇ ಬಹಳ ಮಂದಿ ಮಿಸ್ತ್ರಿಗಳು ತಪ್ಪುತ್ತಾರೆ: ಟ್ಯಾಂಕನ್ನು ಡೀಸೆಲ್‌ನಿಂದ ತೊಳೆಯುತ್ತಾರೆ. ಯೂರಿಯಾ ಡೀಸೆಲ್‌ನಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಮೊದಲು ಬಿಸಿ ನೀರಿನಿಂದ ಚೆನ್ನಾಗಿ ತೊಳೆದು, ಗಾಳಿ ಹೊಡೆದು, ಒಂದು ಹನಿ ನೀರೂ ಉಳಿಯದ ಹಾಗೆ ಒಣಗಿಸಿ, ಆಮೇಲೆ ಒಂದಿಷ್ಟು ಡೀಸೆಲ್ ಹಾಕಿ ಕುಲುಕಿ ಚೆಲ್ಲಬೇಕು. ಫಿಲ್ಟರ್ ಹೊಸದೇ ಹಾಕಿ.

ಯಾರಾದರೂ ನಿಮಗೆ ಗೊತ್ತಿಲ್ಲದ ಹಾಗೆ ಚಾವಿ ತಿರುಗಿಸಿದ್ದರೆ ಅಂತ ಅನುಮಾನ ಇದ್ದರೆ, ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ಪಾರದರ್ಶಕ ಖಾಲಿ ಬಾಟಲಿಗೆ ಸ್ವಲ್ಪ ಇಳಿಸಿ. ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಬಣ್ಣವಿಲ್ಲದ ಪದರ ಕಂಡರೆ ಅದರ ನಾಲ್ಕು ಹನಿ ಸ್ಟೀಲ್ ತಟ್ಟೆಗೆ ಬಿಟ್ಟು ಬಿಸಿಲಿಗಿಡಿ. ದಪ್ಪಗೆ ಬಿಳಿ ಹರಳು ಕಟ್ಟಿದರೆ ಯೂರಿಯಾ ಫಿಲ್ಟರ್‌ವರೆಗೆ ಬಂದಿದೆ ಅಂತಲೇ ಅರ್ಥ. ಆಗ ಪಂಪು, ಇಂಜೆಕ್ಟರ್ ಬಿಚ್ಚಿ ಟೆಸ್ಟ್ ಬೆಂಚಿಗೆ ಹಾಕಿಸದೆ ವಿಧಿಯಿಲ್ಲ. ಕಂಪನಿ ವಾರಂಟಿಯಲ್ಲಿ ಇದು ಬರುವುದಿಲ್ಲ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಇಂಜಿನ್ ರಕ್ಷಣೆಯ ಆ್ಯಡ್-ಆನ್ ತಗೊಂಡಿದ್ದರೆ ಅದರ ಷರತ್ತು ಓದಿ ನೋಡಿ.

ಹುಡುಗನನ್ನು ಜಾಸ್ತಿ ಬೈಯಬೇಡಿ. ಡಿಇಎಫ್ ಮುಚ್ಚಳ ನೀಲಿ ಅಂತಾರೆ, ಕಬ್ಬಿನ ಹೊಲದ ಕರಿಮಣ್ಣು ಮೆತ್ತಿದ ಮೇಲೆ ಯಾವ ನೀಲಿ? ಡಿಇಎಫ್ ಬಾಯಿ ಸಣ್ಣದು, ಡೀಸೆಲ್ ನಳಿಕೆ ಅದರೊಳಗೆ ಹೋಗುವುದಿಲ್ಲ. ಆದರೆ ಬಕೆಟ್ಟು, ಲಾಳಿಕೆ ಹಿಡಿದು ಸುರಿಯುವವರಿಗೆ ಆ ತಡೆ ಎಲ್ಲಿದೆ?

ಇನ್ನೊಂದು ಮಾತು ಕೇಳದಿದ್ದರೂ ಹೇಳುತ್ತೇನೆ. ಚೆಲ್ಲಿಹೋದ ಡಿಇಎಫ್ ಬದಲಿಗೆ ಮನೆಯಲ್ಲಿರುವ ಗೊಬ್ಬರದ ಯೂರಿಯಾ ಕಲಸಿ ಹಾಕೋಣ ಅಂತ ಹೇಳುವವರೂ ಸಿಗುತ್ತಾರೆ. ಆ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತದೆ, ನಮ್ಮ ಬೋರ್ ನೀರೋ ಬರೀ ಗಡಸು. ಸೈಲೆನ್ಸರ್ ಕಡೆಯ, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಹಾಳಾಗುತ್ತದೆ. ಸಬ್ಸಿಡಿ ಗೊಬ್ಬರವನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ. ಸೀಲ್ ಇರುವ ಡಬ್ಬಿಯನ್ನೇ ತನ್ನಿ.

ಟ್ಯಾಂಕಿನಿಂದ ತೆಗೆದ ಡೀಸೆಲ್ಲನ್ನು ಸುಮ್ನೆ ಹಾಳಾಗುತ್ತೆ ಅಂತ ಹಳೇ ಟ್ರ್ಯಾಕ್ಟರಿಗೋ ಪಂಪ್‌ಸೆಟ್ಟಿಗೋ ಹಾಕಬೇಡಿ. ಅವುಗಳ ಪಂಪಿಗೂ ಡೀಸೆಲ್ಲೇ ಜಿಡ್ಡು.